ಟೈಲು, ಪತ್ರ, ಕುರ್ಚಿ: ಜೋ ಪೊಂತಿಯವರ ಪರಂಪರೆಯನ್ನು ಉಳಿಸಿಕೊಳ್ಳುವ ಕೆಲಸ



2002ರ ಏಪ್ರಿಲ್ 18ರ ಸಂಜೆ ಇಟಲಿಯ ಮಿಲಾನ್ ನಗರದ ಪಿರೆಲ್ಲಿ ಗೋಪುರಕ್ಕೆ ಸಣ್ಣದೊಂದು ವಿಮಾನ ಬಂದು ಬಡಿಯಿತು. ವಿಮಾನ ಹೊಕ್ಕಿದ್ದು 26ನೆಯ ಮಹಡಿಗೆ. ಪೈಲಟ್ ಮತ್ತು ಆ ಹೊತ್ತಿನಲ್ಲೂ ಕೆಲಸ ಮಾಡುತ್ತಿದ್ದ ಇಬ್ಬರು ವಕೀಲೆಯರು ಪ್ರಾಣ ಕಳೆದುಕೊಂಡರು. ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿ ಆಗಿನ್ನೂ ಏಳು ತಿಂಗಳು. ಇಟಲಿಯ ಜನ ಟಿವಿಯ ಮುಂದೆ ಉಸಿರು ಬಿಗಿಹಿಡಿದು ಕೂತರು. ಗೋಪುರ ಬೀಳಲಿಲ್ಲ. ಕಿಟಕಿಗಳು ಸಿಡಿದು ಹೋಗಿದ್ದವು, ಮಹಡಿಯ ಕಾಂಕ್ರೀಟು ಬಾಗಿತ್ತು, ಆದರೆ 127 ಮೀಟರ್ ಎತ್ತರದ ಆ ತೆಳ್ಳನೆಯ ಕಟ್ಟಡ ನಿಂತೇ ಇತ್ತು.

ಮರುದಿನದಿಂದಲೇ ಎದ್ದ ಪ್ರಶ್ನೆ ಇವತ್ತಿನ ಉಪನ್ಯಾಸದ ವಿಷಯ. ಇದನ್ನು ದುರಸ್ತಿ ಮಾಡುವುದು ಹೇಗೆ? ನಲವತ್ತು ವರ್ಷ ಹಳೆಯದಾದ ಅಲ್ಯೂಮಿನಿಯಂ ಚೌಕಟ್ಟುಗಳನ್ನು ಕಿತ್ತು ಹೊಸದನ್ನು ಕೂರಿಸಿದರೆ ಕೆಲಸ ಹಗುರ. ಹಾಗೆ ಮಾಡಿದರೆ ಉಳಿಯುವುದು ಅದೇ ಗೋಪುರವೋ, ಅದರ ಪ್ರತಿಯೋ?

ಆ ಗೋಪುರದ ಮುಖ್ಯ ಶಿಲ್ಪಿ ಜೋ ಪೊಂತಿ. 1891ರಲ್ಲಿ ಮಿಲಾನಿನಲ್ಲಿ ಹುಟ್ಟಿ, 1979ರಲ್ಲಿ ಅದೇ ಊರಿನಲ್ಲಿ ತೀರಿಕೊಂಡವರು. ಪೂರ್ಣ ಹೆಸರು ಜೊವಾನ್ನಿ. ಮೊದಲ ಮಹಾಯುದ್ಧದಲ್ಲಿ ಸೈನಿಕರಾಗಿದ್ದು ಬಂದು, 1921ರಲ್ಲಿ ಮಿಲಾನಿನ ಪಾಲಿಟೆಕ್ನಿಕ್‌ನಿಂದ ವಾಸ್ತುಶಿಲ್ಪದ ಪದವಿ ಪಡೆದರು. ಅಲ್ಲಿಂದ ಮುಂದಿನ ಸುಮಾರು ಆರು ದಶಕ ಅವರು ಕೈಹಾಕದ ಕೆಲಸವೇ ಇಲ್ಲವೆನ್ನಬೇಕು. ಪಿಂಗಾಣಿ ಹೂದಾನಿ, ದೀಪ, ಕುರ್ಚಿ, ಕಾಫಿ ಯಂತ್ರ, ಹೊಲಿಗೆ ಯಂತ್ರ, ಸ್ನಾನದ ಮನೆಯ ಬೇಸಿನ್ನು, ಹಡಗಿನ ಒಳಾಂಗಣ, ನಾಟಕದ ಉಡುಪು, ಮನೆ, ಹೋಟೆಲು, ಚರ್ಚು, ವಿಶ್ವವಿದ್ಯಾಲಯ, ಗಗನಚುಂಬಿ. ಇವುಗಳ ನಡುವೆ 1928ರ ಜನವರಿಯಲ್ಲಿ ‘ದೋಮುಸ್’ ಎಂಬ ಮಾಸಪತ್ರಿಕೆಯನ್ನೂ ಆರಂಭಿಸಿದರು. 1940ರ ದಶಕದ ಕೆಲವು ವರ್ಷ ಬಿಟ್ಟರೆ ಸಾಯುವವರೆಗೂ ಅದರ ಸಂಪಾದಕರು ಅವರೇ. ಆ ಪತ್ರಿಕೆ ಇಂದಿಗೂ ಬರುತ್ತಿದೆ.

ಇಂಥವರ ಪರಂಪರೆಯನ್ನು ಕಾಪಾಡುವುದು ಒಬ್ಬ ಕವಿಯ ಹಸ್ತಪ್ರತಿಯನ್ನು ಕಾಪಾಡಿದ ಹಾಗಲ್ಲ. ಕಾಗದಕ್ಕೆ ಒಂದು ವಿಧಾನ, ಮರಕ್ಕೆ ಇನ್ನೊಂದು, ಕಾಂಕ್ರೀಟಿಗೆ ಮತ್ತೊಂದು. ಈ ಉಪನ್ಯಾಸ ನಾಲ್ಕು ಕಡೆ ನಿಂತು ಆ ಕೆಲಸವನ್ನು ನೋಡುತ್ತದೆ. ಮೊದಲು ಕಾಗದಗಳು, ಆಮೇಲೆ ವಸ್ತುಗಳು, ಮೂರನೆಯದಾಗಿ ಕಟ್ಟಡಗಳ ಮೈ, ಕೊನೆಗೆ ಇಟಲಿಯಿಂದ ದೂರದಲ್ಲಿ ಉಳಿದವು ಮತ್ತು ಅಳಿದವು. ಮಾತಿನ ಉದ್ದಕ್ಕೂ ಹಿಡಿದಿರುವ ಎಳೆ ಇಷ್ಟು: ಪೊಂತಿಯವರ ಕೆಲಸದ ಜೀವ ಅದರ ಹೊರಮೈಯಲ್ಲಿ, ಚಿಕ್ಕ ಚಿಕ್ಕ ಅಂಶಗಳಲ್ಲಿ ಇದೆ. ದೊಡ್ಡ ಆಕಾರವನ್ನು ಉಳಿಸಿ ಚಿಕ್ಕದನ್ನು ಬದಲಿಸಿದರೆ ಉಳಿದಂತೆ ಕಾಣುತ್ತದೆ, ಆದರೆ ಕಳೆದುಹೋಗಿರುತ್ತದೆ.

ಮೊದಲಿಗೆ ಕಾಗದಗಳು.

ಪೊಂತಿ ಬರೆಯುತ್ತಲೇ ಚಿತ್ರ ಬಿಡಿಸುವವರು, ಚಿತ್ರ ಬಿಡಿಸುತ್ತಲೇ ಬರೆಯುವವರು. ಗೆಳೆಯರಿಗೆ, ಗಿರಾಕಿಗಳಿಗೆ, ಕುಶಲಕರ್ಮಿಗಳಿಗೆ ಅವರು ಬರೆದ ಪತ್ರಗಳಲ್ಲಿ ಅಕ್ಷರ ಎಲ್ಲಿ ಮುಗಿಯಿತು, ರೇಖೆ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ಸಾಲು ಬಾಗಿ ಕೈಯಾಗುತ್ತದೆ, ಸಹಿ ಅರಳಿ ಹೂವಾಗುತ್ತದೆ. ಮನೆ ಹೇಗಿರಬೇಕು ಎಂಬುದನ್ನು ಗಿರಾಕಿಗೆ ಒಪ್ಪಿಸುವ ವಾದವೆಲ್ಲ ಅಂಥ ಪತ್ರಗಳಲ್ಲೇ ನಡೆದಿದೆ. ಹೀಗಾಗಿ ಅವರ ಮಟ್ಟಿಗೆ ಪತ್ರವೂ ನಕ್ಷೆಯೇ.

ಅವರು ತೀರಿಕೊಂಡ ಮೇಲೆ ಸ್ಟುಡಿಯೋದ ರೇಖಾಚಿತ್ರಗಳ ದೊಡ್ಡ ಸಂಗ್ರಹವನ್ನು ಕುಟುಂಬದವರು ಪಾರ್ಮಾ ವಿಶ್ವವಿದ್ಯಾಲಯದ ಸಂವಹನ ಅಧ್ಯಯನ ಕೇಂದ್ರಕ್ಕೆ ಕೊಟ್ಟರು. ಕಲಾ ಇತಿಹಾಸಕಾರ ಆರ್ತುರೊ ಕಾರ್ಲೊ ಕ್ವಿಂತಾವಾಲ್ಲೆ 1968ರಲ್ಲಿ ಕಟ್ಟಿದ ಕೇಂದ್ರ ಅದು. ಈಗ ಅದು ಪಾರ್ಮಾ ನಗರದ ಹೊರಗೆ, ವಾಲ್ಸೆರೇನಾ ಎಂಬ ಹಳೆಯ ಕ್ರೈಸ್ತ ಮಠದ ಕಟ್ಟಡದಲ್ಲಿದೆ. ಸನ್ಯಾಸಿಗಳು ಪ್ರಾರ್ಥನೆ ಮಾಡುತ್ತಿದ್ದ ಎತ್ತರದ ಕಮಾನುಗಳ ಕೆಳಗೆ ಇಪ್ಪತ್ತನೆಯ ಶತಮಾನದ ದೀಪ, ಕುರ್ಚಿ, ಜಾಹೀರಾತುಗಳ ಕರಡುಗಳು ಮಲಗಿವೆ. ಪೊಂತಿಯವರ ಪಕ್ಕದಲ್ಲೇ ಅವರ ಕಾಲದ ಇತರ ವಿನ್ಯಾಸಕಾರರ, ಛಾಯಾಗ್ರಾಹಕರ ಸಂಗ್ರಹಗಳೂ ಇವೆ. ಒಬ್ಬರನ್ನು ಅಧ್ಯಯನ ಮಾಡಲು ಬಂದವರ ಕೈಗೆ ಅವರ ಇಡೀ ಕಾಲವೇ ಸಿಗುತ್ತದೆ. ಕುಟುಂಬದವರು ಮಾಡಿದ ದೊಡ್ಡ ಕೆಲಸವೆಂದರೆ ಇದು. ಒಂದೊಂದೇ ಹಾಳೆಯನ್ನು ಮಾರುಕಟ್ಟೆಗೆ ಬಿಟ್ಟಿದ್ದರೆ ಹಣ ಬರುತ್ತಿತ್ತು, ಸಂಗ್ರಹ ಚದುರಿ ಹೋಗುತ್ತಿತ್ತು.

ಸ್ಟುಡಿಯೋದ ಛಾಯಾಚಿತ್ರಗಳ ದಾರಿ ಬೇರೆಯಾಯಿತು. ಅವುಗಳ ಆಧಾರದ ಮೇಲೆ 1996ರಲ್ಲಿ ಪೊಂತಿಯವರ ಮೊಮ್ಮಗ ಸಾಲ್ವತೋರೆ ಲಿಚಿತ್ರಾ ಮಿಲಾನಿನಲ್ಲಿ ‘ಜೋ ಪೊಂತಿ ಆರ್ಕೈವ್ಸ್’ ಸ್ಥಾಪಿಸಿದರು. ಅವರ ತಾಯಿ ಲೀಸಾ ಪೊಂತಿ ತಂದೆಯ ಜತೆ ದೋಮುಸ್‌ನಲ್ಲಿ ಬಹುಕಾಲ ದುಡಿದವರು, 1990ರಲ್ಲಿ ತಂದೆಯ ಇಡೀ ಕೃತಿಶ್ರೇಣಿಯ ಮೇಲೆ ಗ್ರಂಥ ಬರೆದವರು. ಮಗಳು ಪುಸ್ತಕವಾಗಿಸಿದ್ದನ್ನು ಮೊಮ್ಮಗ ಪಟ್ಟಿಗೆ ತಂದರು: ಯಾವ ವರ್ಷ, ಯಾವ ಕೆಲಸ, ಯಾರಿಗಾಗಿ, ಯಾವ ಚಿತ್ರ. ಈ ಪಟ್ಟಿಯ ದೊಡ್ಡ ಭಾಗವನ್ನು ಈಗ ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಇಂಥ ಕೆಲಸಕ್ಕೆ ಚಪ್ಪಾಳೆ ಸಿಗುವುದು ಕಡಿಮೆ. ಆದರೆ 2018ರ ಅಕ್ಟೋಬರಿನಲ್ಲಿ ಪ್ಯಾರಿಸ್‌ನ ಅಲಂಕರಣ ಕಲೆಗಳ ವಸ್ತುಸಂಗ್ರಹಾಲಯದಲ್ಲಿ, ಮರುವರ್ಷ ರೋಮ್‌ನ ‘ಮಾಕ್ಸಿ’ ವಸ್ತುಸಂಗ್ರಹಾಲಯದಲ್ಲಿ ಪೊಂತಿ ಅವರ ದೊಡ್ಡ ಪ್ರದರ್ಶನಗಳು ನಡೆದಾಗ ಜನ ಮೆಚ್ಚಿದ್ದೆಲ್ಲ ಆ ಪಟ್ಟಿಯ ಬೆನ್ನ ಮೇಲೆ ನಿಂತಿತ್ತು.

ಛಾಯಾಚಿತ್ರ ಏಕೆ ಅಷ್ಟು ಮುಖ್ಯ? ಪೊಂತಿಯವರ ಬಹಳಷ್ಟು ಒಳಾಂಗಣಗಳು ಈಗ ಇಲ್ಲ. ಹಡಗುಗಳದ್ದೇ ನೋಡಿ. ‘ಆಂದ್ರೇಯಾ ದೋರಿಯಾ’ ಎಂಬ ಪ್ರಯಾಣಿಕರ ಹಡಗಿನ ಕೋಣೆಗಳಿಗೆ ಅವರೂ ಕಲಾವಿದ ಪಿಯೆರೊ ಫೊರ್ನಾಸೆತ್ತಿಯವರೂ ಸೇರಿ ರೂಪ ಕೊಟ್ಟಿದ್ದರು. 1956ರ ಜುಲೈನಲ್ಲಿ ಅದು ಇನ್ನೊಂದು ಹಡಗಿಗೆ ಡಿಕ್ಕಿಯಾಗಿ ಅಮೆರಿಕದ ಪೂರ್ವ ತೀರದ ಬಳಿ ಅಟ್ಲಾಂಟಿಕ್‌ನಲ್ಲಿ ಮುಳುಗಿತು. ರಾಶಿಚಕ್ರದ ಚಿತ್ರಗಳಿಂದ ತುಂಬಿದ್ದ ಆ ಪ್ರಸಿದ್ಧ ಕೋಣೆಯನ್ನು ಇವತ್ತು ಹಳೆಯ ಛಾಯಾಚಿತ್ರಗಳಲ್ಲಷ್ಟೇ ನೋಡಲು ಸಾಧ್ಯ. ಇನ್ನೊಂದು ಹಡಗು ‘ಕೊಂತೆ ಬಿಯಾಂಕಮಾನೊ’ಗೆ ಅದೃಷ್ಟ ಚೆನ್ನಾಗಿತ್ತು. 1960ರ ಸುಮಾರಿಗೆ ಅದನ್ನು ಗುಜರಿಗೆ ಒಡೆಯುವಾಗ ಮಧ್ಯದ ಒಂದು ದೊಡ್ಡ ತುಂಡನ್ನು ಬೇರೆ ಎತ್ತಿಟ್ಟು ಮಿಲಾನಿನ ವಿಜ್ಞಾನ ಮತ್ತು ತಂತ್ರಜ್ಞಾನ ವಸ್ತುಸಂಗ್ರಹಾಲಯಕ್ಕೆ ತಂದರು. ಸಮುದ್ರವಿಲ್ಲದ ಊರಿನಲ್ಲಿ ಹಡಗಿನ ನೃತ್ಯಶಾಲೆಯೊಂದು ಹೀಗೆ ದಡ ಸೇರಿದೆ. ಯುದ್ಧದ ನಂತರ ಅದನ್ನು ಹೊಸದಾಗಿ ಸಜ್ಜುಗೊಳಿಸಿದವರಲ್ಲಿ ಪೊಂತಿ ಒಬ್ಬರು.

ಕಾಗದದ ಮಾತು ಮುಗಿಸುವ ಮುನ್ನ ಫ್ಲಾರೆನ್ಸ್ ಸಮೀಪದ ಸೆಸ್ತೊ ಫಿಯೊರೆಂತೀನೊ ಪಟ್ಟಣವನ್ನು ಹಾದು ಹೋಗಬೇಕು. 1735ರಲ್ಲಿ ಆರಂಭವಾದ ಜಿನೋರಿ ಪಿಂಗಾಣಿ ಕಾರ್ಖಾನೆಗೆ 1923ರಲ್ಲಿ ಪೊಂತಿ ಕಲಾ ನಿರ್ದೇಶಕರಾದರು. ಆಗ ಅವರಿಗೆ ಮೂವತ್ತೆರಡು ತುಂಬಿರಲಿಲ್ಲ. ಎರಡೇ ವರ್ಷಗಳಲ್ಲಿ, 1925ರ ಪ್ಯಾರಿಸ್ ಪ್ರದರ್ಶನದಲ್ಲಿ ಅವರ ಪಿಂಗಾಣಿಗೆ ಮಹಾ ಬಹುಮಾನ ಬಂತು. ಅವರು ಇದ್ದದ್ದು ಮಿಲಾನಿನಲ್ಲಿ, ಕುಲುಮೆ ಇದ್ದದ್ದು ಫ್ಲಾರೆನ್ಸ್ ಪಕ್ಕದಲ್ಲಿ. ಹಾಗಾಗಿ ಬಣ್ಣ ಹೀಗಿರಲಿ, ಚಿನ್ನದ ಗೆರೆ ಇಲ್ಲಿ ನಿಲ್ಲಲಿ ಎಂದು ಕುಶಲಕರ್ಮಿಗಳಿಗೆ ಪತ್ರದ ಮೇಲೆ ಪತ್ರ ಹೋಗುತ್ತಿತ್ತು. ಆ ಪತ್ರಗಳು, ಆ ಹೂದಾನಿಗಳು ಕಾರ್ಖಾನೆಯ ವಸ್ತುಸಂಗ್ರಹಾಲಯದಲ್ಲಿ ಉಳಿದವು. 2013ರಲ್ಲಿ ಕಂಪನಿ ದಿವಾಳಿಯಾಯಿತು. ಕಾರ್ಖಾನೆಯನ್ನು ಬೇರೆಯವರು ಕೊಂಡರು, ವಸ್ತುಸಂಗ್ರಹಾಲಯ ಮಾತ್ರ ಆ ವ್ಯವಹಾರದ ಹೊರಗೆ ಉಳಿದು 2014ರಲ್ಲಿ ಬಾಗಿಲು ಹಾಕಿತು. ಮಳೆ, ತೇವಗಳಿಂದ ಕಟ್ಟಡ ಹಾಳಾಗತೊಡಗಿತು. ಸ್ಥಳೀಯರು, ವಿದ್ವಾಂಸರು ಕೂಗೆಬ್ಬಿಸಿದ ಮೇಲೆ 2017ರಲ್ಲಿ ಇಟಲಿ ಸರ್ಕಾರ ಅದನ್ನು ಕೊಂಡಿತು, 2019ರಲ್ಲಿ ಅದರ ಹೊಣೆಗೆ ಪ್ರತಿಷ್ಠಾನವೊಂದು ಹುಟ್ಟಿತು. ಸುಮಾರು ಮುನ್ನೂರು ವರ್ಷಗಳ ಸಂಗ್ರಹ ನಾಲ್ಕು ವರ್ಷ ಯಾರದೂ ಅಲ್ಲದ ಸ್ಥಿತಿಯಲ್ಲಿತ್ತು ಎಂಬುದು ನೆನಪಿರಬೇಕು. ಪಿಂಗಾಣಿ ಒಡೆಯುವುದಕ್ಕೆ ಕೈ ಜಾರಬೇಕೆಂದೇನೂ ಇಲ್ಲ.

ಈಗ ಎರಡನೆಯ ವಿಷಯಕ್ಕೆ, ವಸ್ತುಗಳಿಗೆ ಬರೋಣ. ಇಲ್ಲಿ ಒಂದೇ ಒಂದು ಕುರ್ಚಿಯ ಬಳಿ ಸ್ವಲ್ಪ ಹೊತ್ತು ಕೂರುವುದು ಒಳ್ಳೆಯದು.

ಇಟಲಿಯ ಲಿಗೂರಿಯಾ ಕರಾವಳಿಯಲ್ಲಿ ಕಿಯಾವರಿ ಎಂಬ ಊರಿದೆ. ಅಲ್ಲಿಯ ಬಡಗಿಗಳು ಹತ್ತೊಂಬತ್ತನೆಯ ಶತಮಾನದ ಆರಂಭದಿಂದ ತುಂಬ ಹಗುರವಾದ, ತೆಳುಗಾಲಿನ ಕುರ್ಚಿ ಮಾಡುತ್ತಿದ್ದರು. ಪೊಂತಿ ಆ ಕುರ್ಚಿಯನ್ನು ಹಿಡಿದುಕೊಂಡು ವರ್ಷಗಟ್ಟಲೆ ತಿದ್ದಿದರು. ಯಾವ ವಿಶೇಷಣವೂ ಬೇಡದ, ಬರಿಯ ಕುರ್ಚಿಯಾದ ಕುರ್ಚಿ ಅವರಿಗೆ ಬೇಕಿತ್ತು. ಮೇದಾ ಊರಿನ ಕಸ್ಸೀನಾ ಕಾರ್ಖಾನೆಯ ಕೆಲಸಗಾರರ ಜತೆ ಸೇರಿ ಮೊದಲು ‘ಲೆಜ್ಜೆರಾ’, ಅಂದರೆ ಹಗುರದ್ದು, ಮಾಡಿದರು. ಅದೂ ಸಾಲದೆ 1957ರಲ್ಲಿ ‘ಸೂಪರ್‌ಲೆಜ್ಜೆರಾ’ ಬಂತು. ಕಾಲುಗಳು ಆಶ್ ಮರದವು. ಅಡ್ಡ ಕೊಯ್ದು ನೋಡಿದರೆ ತ್ರಿಕೋನ, ಬದಿ ಬರಿಯ 18 ಮಿಲಿಮೀಟರ್. ಇಡೀ ಕುರ್ಚಿಯ ತೂಕ 1.7 ಕಿಲೋ. ಜಾಹೀರಾತಿನಲ್ಲಿ ಪುಟ್ಟ ಹುಡುಗನೊಬ್ಬ ಅದನ್ನು ಒಂದು ಬೆರಳಲ್ಲಿ ಎತ್ತಿ ನಿಲ್ಲುತ್ತಿದ್ದ. ಕೂರುವ ಜಾಗ ಹೆಣೆದ ಬೆತ್ತ. ಬೆತ್ತಕ್ಕೆ ಇಟಾಲಿಯನ್ನರು ಇಟ್ಟ ಹೆಸರೇ ‘ಇಂಡಿಯಾದ ಬೆತ್ತ’. ನಮ್ಮ ಹಳೆಯ ಮನೆಗಳ ಜಗಲಿಯಲ್ಲಿ ಬೆತ್ತದ ಕುರ್ಚಿಯ ಮೇಲೆ ಕೂತು ಬೆಳೆದವರಿಗೆ ಆ ಹೆಣಿಗೆಯ ಸ್ಪರ್ಶವನ್ನು ವಿವರಿಸಬೇಕಿಲ್ಲ.

ಈ ಕುರ್ಚಿಯನ್ನು ಕಾಪಾಡಿರುವುದು ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲ. ಕಸ್ಸೀನಾ ಅದನ್ನು ಅಂದಿನಿಂದ ಇಂದಿನವರೆಗೆ ಮಾಡುತ್ತಲೇ ಬಂದಿದೆ. ಇಷ್ಟು ತೆಳುವಾದ ಮರದ ಕೀಲುಗಳನ್ನು ಕೂಡಿಸುವ ಲೆಕ್ಕ, ಬೆತ್ತವನ್ನು ಎಷ್ಟು ಬಿಗಿಯಬೇಕೆಂಬ ಅಂದಾಜು ನಕ್ಷೆಯಲ್ಲಿ ಪೂರ್ತಿಯಾಗಿ ಇರುವುದಿಲ್ಲ. ಅದು ಕೈಯಿಂದ ಕೈಗೆ ದಾಟಬೇಕು. ಮೂವತ್ತು ವರ್ಷ ನಿಲ್ಲಿಸಿ ಮತ್ತೆ ಶುರು ಮಾಡುವುದೆಂದರೆ ಆ ಅಂದಾಜನ್ನು ಮೊದಲಿನಿಂದ ಕಂಡುಕೊಳ್ಳಬೇಕಾಗುತ್ತದೆ.

ಹಾಗೆ ಮೊದಲಿನಿಂದ ಕಂಡುಕೊಳ್ಳುವ ಕೆಲಸವೂ ನಡೆದಿದೆ. 2012ರಿಂದ ಮೊಲ್ತೇನಿ ಎಂಬ ಪೀಠೋಪಕರಣ ಕಂಪನಿ ಪೊಂತಿ ವಾರಸುದಾರರ ಒಪ್ಪಿಗೆಯೊಡನೆ ಅವರ ಹಳೆಯ ವಿನ್ಯಾಸಗಳನ್ನು ಮರಳಿ ತಯಾರಿಸುತ್ತಿದೆ. ಇವುಗಳಲ್ಲಿ ಕೆಲವು ಅವರು ತಮ್ಮ ಸ್ವಂತ ಮನೆಗೆಂದು, ಇನ್ನು ಕೆಲವು ಒಬ್ಬಿಬ್ಬರು ಗಿರಾಕಿಗಳಿಗೆಂದು ಮಾಡಿದವು. ಅಂಗಡಿಗೆ ಬಂದವೇ ಅಲ್ಲ. ಇದು ಸಂರಕ್ಷಣೆಯೋ ವ್ಯಾಪಾರವೋ ಎಂದು ಕೇಳುವವರಿದ್ದಾರೆ. ಎರಡೂ ಹೌದು. ಮೂಲ ಚಿತ್ರಗಳನ್ನು ಆರ್ಕೈವ್ಸ್‌ನಲ್ಲಿ ಹುಡುಕಿ, ಅಳತೆ ತಾಳೆ ನೋಡಿ, ಇದು ಮರುತಯಾರಿಕೆ ಎಂದು ಎದ್ದು ಕಾಣುವಂತೆ ಹೇಳಿ ಮಾರಿದರೆ ಅದರಲ್ಲಿ ಮೋಸವಿಲ್ಲ. ಪೊಂತಿ ಸ್ವತಃ ಕಾರ್ಖಾನೆಗಳ ಜತೆ ಬದುಕಿಡೀ ದುಡಿದವರು. ಒಂದು ವಸ್ತು ಹಲವು ಮನೆಗಳನ್ನು ಸೇರಬೇಕೆಂಬುದು ಅವರ ನಂಬಿಕೆಯೇ ಆಗಿತ್ತು.

ಹೆಚ್ಚು ಕಳವಳ ತರುವುದು ಹರಾಜು. ಪೊಂತಿ ಒಂದು ಹೋಟೆಲು ಅಥವಾ ಮನೆ ಮಾಡಿದರೆ ಬಾಗಿಲ ಹಿಡಿಯಿಂದ ಮಂಚದ ತಲೆಹಲಗೆವರೆಗೆ ಎಲ್ಲ ಒಂದೇ ರಾಗದಲ್ಲಿರುತ್ತಿತ್ತು. ಮಾಲೀಕರು ಬದಲಾಗುತ್ತಾರೆ, ಒಳಾಂಗಣ ಹಳೆಯದಾಯಿತೆಂದು ತೆಗೆದು ಹಾಕುತ್ತಾರೆ. ಹತ್ತಾರು ವರ್ಷಗಳ ಬಳಿಕ ಆ ಮೇಜು ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಭಾರೀ ಬೆಲೆಗೆ ಮಾರಾಟವಾಗುತ್ತದೆ. ಬೆಲೆ ಏರಿದಷ್ಟೂ ನಕಲಿ ಹುಟ್ಟುತ್ತದೆ. ಆದ್ದರಿಂದಲೇ ಆರ್ಕೈವ್ಸ್ ಈಗ ವಸ್ತುಗಳನ್ನು ಪರಿಶೀಲಿಸಿ ಪ್ರಮಾಣಪತ್ರ ಕೊಡುತ್ತದೆ. ಆದರೆ ಮೇಜು ಅಸಲಿಯೆಂದು ಸಾಬೀತಾದರೂ, ಅದು ನಿಂತಿದ್ದ ಕೋಣೆ ಮರಳಿ ಬರುವುದಿಲ್ಲ.

ಮೂರನೆಯ ವಿಷಯ ಕಟ್ಟಡಗಳ ಮೈ. ಈ ಉಪನ್ಯಾಸದ ನಡುಮನೆ ಇದೇ.

ಪೊಂತಿ ಕಟ್ಟಡದ ಬಗ್ಗೆ ಒಂದು ಮಾತು ಹಿಡಿದಿದ್ದರು: ಆಕಾರ ಮುಗಿದಿರಬೇಕು. ಹರಳಿಗೆ ಏನನ್ನೂ ಸೇರಿಸಲಾಗದು, ಏನನ್ನೂ ಕಳೆಯಲಾಗದು, ಕಟ್ಟಡವೂ ಹಾಗಿರಬೇಕು. ಅವರ ಪಿರೆಲ್ಲಿ ಗೋಪುರ ಎರಡು ತುದಿಗಳಲ್ಲಿ ಹಡಗಿನ ಮೂತಿಯಂತೆ ಕಿರಿದಾಗುವುದು ಈ ಕಾರಣಕ್ಕೆ. 1956ರಿಂದ 1960ರವರೆಗೆ ಕಟ್ಟಿದ ಆ ಗೋಪುರದ ಎಲುಬುಗೂಡಿನ ಲೆಕ್ಕ ಇಂಜಿನಿಯರುಗಳಾದ ಪಿಯೆರ್ ಲುಯೀಜಿ ನೆರ್ವಿ ಮತ್ತು ಆರ್ತುರೊ ದನೂಸ್ಸೊ ಅವರದು. ಅದು ಎದ್ದದ್ದು ಪಿರೆಲ್ಲಿ ಟೈರ್ ಕಂಪನಿ 1872ರಲ್ಲಿ ತನ್ನ ಮೊದಲ ಕಾರ್ಖಾನೆ ಕಟ್ಟಿದ್ದ ಜಾಗದಲ್ಲಿ. 1978ರಲ್ಲಿ ಅದು ಲೊಂಬಾರ್ದಿಯಾ ಪ್ರಾಂತ ಸರ್ಕಾರದ ಕೈ ಸೇರಿತು. ಕಂಪನಿಯ ಕಚೇರಿ ಸರ್ಕಾರಿ ಕಚೇರಿಯಾದಾಗ ಏನೇನಾಗುತ್ತದೆಯೋ ಅದೆಲ್ಲ ಆಯಿತು: ಒಳಗೆ ಅಡ್ಡಗೋಡೆಗಳು, ಬದಲಾದ ನೆಲಹಾಸು, ಕಡತಗಳ ರಾಶಿ.

ವಿಮಾನ ಬಡಿದ ಮೇಲೆ ದುರಸ್ತಿಗೆ ಇಳಿದವರು ಕಠಿಣ ದಾರಿಯನ್ನೇ ಆರಿಸಿಕೊಂಡರು. ಅಲ್ಯೂಮಿನಿಯಂ ಚೌಕಟ್ಟುಗಳನ್ನು ಬಿಚ್ಚಿ, ತೊಳೆದು, ಮೇಲ್ಮೈಗೆ ಹೊಸದಾಗಿ ರಾಸಾಯನಿಕ ಸಂಸ್ಕಾರ ಕೊಟ್ಟು ಮತ್ತೆ ಅದೇ ಜಾಗಕ್ಕೆ ಕೂರಿಸಿದರು. ಬದಿಗಳಲ್ಲಿ ಉದುರುತ್ತಿದ್ದ ಪುಟ್ಟ ಸೆರಾಮಿಕ್ ಬಿಲ್ಲೆಗಳನ್ನು ಸರಿಪಡಿಸಿದರು. ಒಳಗೆ ಪೊಂತಿ ಮೆಚ್ಚಿದ್ದ ಉಜ್ವಲ ಹಳದಿ ನೆಲಹಾಸು ಮರಳಿ ಬಂತು. 2004ರಲ್ಲಿ ಗೋಪುರ ಮತ್ತೆ ತೆರೆಯಿತು. 26ನೆಯ ಮಹಡಿಯಲ್ಲಿ ಕಚೇರಿಗಳನ್ನು ತುಂಬಲಿಲ್ಲ. ಅದು ಈಗ ನೆನಪಿನ ಮಹಡಿ. ಗೋಡೆಗಳಿಲ್ಲದೆ ತೆರೆದಿಟ್ಟ ಆ ಜಾಗದಲ್ಲಿ ನಿಂತರೆ ಕಟ್ಟಡದ ತೆಳುವು, ಎರಡೂ ಕಡೆಯ ಬೆಳಕು ಪೊಂತಿ ಬಯಸಿದಂತೆ ಕಾಣುತ್ತದೆ. ದುರಂತವೊಂದು ಕಟ್ಟಡವನ್ನು ಅದರ ಮೊದಲ ರೂಪದ ಹತ್ತಿರಕ್ಕೆ ತಂದಿತು ಎಂಬುದು ಹೇಳಲು ಭಾರವಾದ, ಆದರೆ ನಿಜವಾದ ಮಾತು.

ಕನ್ನಡದಲ್ಲಿ ‘ಜೀರ್ಣೋದ್ಧಾರ’ ಎಂಬ ಪದವಿದೆ. ಹಳತಾದದ್ದನ್ನು ಎತ್ತಿ ನಿಲ್ಲಿಸುವುದು ಅದರ ಅರ್ಥ. ಆ ಹೆಸರಿನಲ್ಲಿ ಹಳೆಯ ಕಲ್ಲಿನ ಮೇಲೆ ಎಣ್ಣೆ ಬಣ್ಣ ಬಳಿದದ್ದನ್ನು, ಚಪ್ಪಡಿಯ ಮೇಲೆ ಹೊಳೆಯುವ ಟೈಲು ಹಾಸಿದ್ದನ್ನು ಈ ಸಭೆಯಲ್ಲಿರುವವರೆಲ್ಲ ಕಂಡಿದ್ದಾರೆ. ಪಿರೆಲ್ಲಿ ಗೋಪುರದಲ್ಲಿ ನಡೆದದ್ದು ಅದಕ್ಕೆ ತದ್ವಿರುದ್ಧ.

ದಕ್ಷಿಣ ಇಟಲಿಯ ತಾರಂತೊ ನಗರದ ಕಥೆ ಅಷ್ಟು ಸಮಾಧಾನದ್ದಲ್ಲ. ಎರಡು ಸಮುದ್ರಗಳ ನಡುವಿನ ಊರು ಅದು, ಉಕ್ಕಿನ ಕಾರ್ಖಾನೆಯ ಊರೂ ಹೌದು. 1970ರ ಡಿಸೆಂಬರಿನಲ್ಲಿ ಅಲ್ಲಿ ಪೊಂತಿಯವರ ಹೊಸ ಕಥೀಡ್ರಲ್ ಆರಂಭವಾಯಿತು. ಗುಮ್ಮಟದ ಬದಲು ಅವರು ಚರ್ಚಿನ ಮೇಲೆ ಒಂದು ಬಿಳಿಯ ಹಾಯಿಯನ್ನು ನಿಲ್ಲಿಸಿದರು: ತೂತುತೂತಾದ ಎರಡು ಎತ್ತರದ ಗೋಡೆಗಳು, ನಡುವೆ ಬರಿಯ ಗಾಳಿ. ಕೆಳಗಿನ ಮುಂಭಾಗ ನಡೆದು ಬರುವ ಜನರಿಗೆ, ಮೇಲಿನದು ಕಣ್ಣಿಗೆ ಮತ್ತು ಗಾಳಿಗೆ ಎಂಬುದು ಅವರ ಕಲ್ಪನೆ. ಎದುರಿಗೆ ನೀರಿನ ಕೊಳಗಳು. ಹಾಯಿಯ ಬಿಂಬ ಅದರಲ್ಲಿ ಬಿದ್ದು ಅಲುಗಬೇಕು. ಆದರೆ ಕೊಳಗಳು ವರ್ಷಾನುಗಟ್ಟಲೆ ಒಣಗಿ ನಿಂತವು, ಸುತ್ತ ಎತ್ತರದ ವಸತಿ ಕಟ್ಟಡಗಳು ಎದ್ದು ಹಾಯಿಯ ಹಿಂದಿನ ಆಕಾಶವನ್ನು ಕಿತ್ತುಕೊಂಡವು. ಚರ್ಚಿನ ಒಂದು ಇಟ್ಟಿಗೆಯನ್ನೂ ಯಾರೂ ಕಿತ್ತಿಲ್ಲ. ಆದರೂ ಹಾಯಿಯ ಅರ್ಧ ಹೋಗಿಬಿಟ್ಟಿದೆ, ಏಕೆಂದರೆ ಅದರ ಅರ್ಧ ಇದ್ದದ್ದು ನೀರಿನಲ್ಲಿ ಮತ್ತು ಆಕಾಶದಲ್ಲಿ.

ಸೊರೆಂತೊ ಊರಿನ ಬಂಡೆಯಂಚಿನ ‘ಪಾರ್ಕೊ ದೇಯಿ ಪ್ರಿಂಚಿಪಿ’ ಹೋಟೆಲಿನಲ್ಲಿ ಇದಕ್ಕಿಂತ ಸಂತೋಷದ ಸಂಗತಿ ಇದೆ. 1960ರ ದಶಕದ ಆರಂಭದಲ್ಲಿ ಕಟ್ಟಿದ ಆ ಹೋಟೆಲಿಗೆ ಪೊಂತಿ ನೀಲಿ ಮತ್ತು ಬಿಳಿ ಎರಡೇ ಬಣ್ಣ ಹಿಡಿದರು. ಮೂವತ್ತು ಬಗೆಯ ಟೈಲುಗಳನ್ನು ಬರೆದು, ಅವುಗಳನ್ನು ಬೇರೆ ಬೇರೆ ರೀತಿ ಕೂಡಿಸಿ ನೂರು ಕೋಣೆಗಳಿಗೆ ನೂರು ನೆಲ ಮಾಡಿದರು. ಚಂದ್ರ, ನಕ್ಷತ್ರ, ಎಲೆ, ಗೆರೆ. ಅಜ್ಜಿಯರು ಹೊಸ್ತಿಲ ಮುಂದೆ ಚುಕ್ಕಿ ಇಟ್ಟು ದಿನಕ್ಕೊಂದು ರಂಗೋಲಿ ಬಿಡಿಸುವುದನ್ನು ಕಂಡವರಿಗೆ ಈ ಆಟ ತಟ್ಟನೆ ಹಿಡಿಸುತ್ತದೆ. ಹೋಟೆಲು ಇಂದಿಗೂ ನಡೆಯುತ್ತಿದೆ, ಅತಿಥಿಗಳು ಆ ನೆಲದ ಮೇಲೆಯೇ ಓಡಾಡುತ್ತಾರೆ. ಆ ಟೈಲುಗಳನ್ನು ಕಾರ್ಖಾನೆಯೊಂದು ಮತ್ತೆ ತಯಾರಿಸುತ್ತಿದೆ. ಅಂದರೆ ಒಂದು ಟೈಲು ಒಡೆದರೆ ಇಡೀ ಕೋಣೆಯ ನೆಲವನ್ನು ಕೀಳುವ ನೆಪ ಯಾರಿಗೂ ಸಿಗುವುದಿಲ್ಲ.

ಅಮೆರಿಕದ ಡೆನ್ವರ್ ಕಲಾ ವಸ್ತುಸಂಗ್ರಹಾಲಯದ ಕಟ್ಟಡ 1971ರಲ್ಲಿ ತೆರೆದಾಗ ಪೊಂತಿಯವರಿಗೆ ಎಂಬತ್ತರ ಹೊಸ್ತಿಲು. ಸ್ಥಳೀಯ ವಾಸ್ತುಶಿಲ್ಪಿ ಜೇಮ್ಸ್ ಸಡ್ಲರ್ ಜತೆಗೂಡಿ ಮಾಡಿದ ಕೆಲಸ ಅದು. ಹಲವು ಮುಖಗಳ ಆ ಕೋಟೆಯಂಥ ಕಟ್ಟಡಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಬೂದು ಗಾಜಿನ ಬಿಲ್ಲೆಗಳನ್ನು ತೊಡಿಸಿದ್ದಾರೆ. ಬಿಸಿಲು ಹೊರಳಿದಂತೆ ಗೋಡೆಯ ಬಣ್ಣ ಬದಲಾಗುತ್ತದೆ. ಐವತ್ತು ತುಂಬಿದ ಹೊತ್ತಿಗೆ, 2021ರ ಅಕ್ಟೋಬರಿನಲ್ಲಿ, ದೊಡ್ಡ ನವೀಕರಣ ಮುಗಿಯಿತು. ಕಟ್ಟಡದ ವ್ಯವಸ್ಥೆಗಳ ಸುಧಾರಣೆಯ ಜತೆಗೆ, ಪೊಂತಿ ಯೋಚಿಸಿದ್ದರೂ ಆಗ ಕೈಗೂಡದಿದ್ದ ತಾರಸಿಯ ಜಾಗಗಳನ್ನು ಜನರಿಗೆ ತೆರೆದರು. ಮೂಲವನ್ನು ಕಾಯುವುದೆಂದರೆ ಕಟ್ಟಿದ್ದನ್ನಷ್ಟೇ ಕಾಯಬೇಕೋ, ಶಿಲ್ಪಿ ಕನಸಿದ್ದನ್ನೂ ಪೂರೈಸಬೇಕೋ? ಡೆನ್ವರ್ ಎರಡನೆಯದನ್ನು ಒಪ್ಪಿತು. ಆ ಕನಸಿಗೆ ಕಾಗದದ ಸಾಕ್ಷಿ ಇತ್ತು ಎಂಬುದೇ ಅದಕ್ಕೆ ಆಧಾರ. ಸಾಕ್ಷಿಯಿಲ್ಲದೆ ಹಾಗೆ ಮಾಡಿದ್ದರೆ ಅದು ಬೇರೆಯವರ ಕಟ್ಟಡವಾಗುತ್ತಿತ್ತು.

ಇಲ್ಲಿ ಒಂದು ಕಹಿ ವಿಷಯವನ್ನು ದಾಟಿ ಹೋಗುವುದು ಸರಿಯಲ್ಲ. ಪೊಂತಿಯವರ 1930ರ ದಶಕದ ಕೆಲಸಗಳಲ್ಲಿ ಕೆಲವು ಮುಸೊಲಿನಿಯ ಆಡಳಿತದ ಯೋಜನೆಗಳಿಗೆ ಸೇರಿದವು. ರೋಮ್ ವಿಶ್ವವಿದ್ಯಾಲಯದ ಗಣಿತ ಶಾಲೆ ಅಂಥದು. 1935ರಲ್ಲಿ ಮುಗಿದ ಆ ಕಟ್ಟಡದ ದೊಡ್ಡ ಬಣ್ಣದ ಗಾಜಿನ ಕಿಟಕಿ ಯುದ್ಧದಲ್ಲಿ ನಾಶವಾಯಿತು, ನಂತರದ ದಶಕಗಳಲ್ಲಿ ಒಳಗೆ ಬಹಳ ಬದಲಾವಣೆಗಳಾದವು. ಗೆಟ್ಟಿ ಪ್ರತಿಷ್ಠಾನದ ನೆರವಿನಿಂದ ವಿದ್ವಾಂಸರು ಅದನ್ನು ಇಂಚಿಂಚು ಅಧ್ಯಯನ ಮಾಡಿ ಸಂರಕ್ಷಣೆಗೆ ದಾರಿ ಹಾಕಿದ್ದಾರೆ. ಕಟ್ಟಿಸಿದ ಆಡಳಿತವನ್ನು ಮುಚ್ಚಿಡದೆ, ಕಟ್ಟಡದ ಗುಣವನ್ನೂ ಅಲ್ಲಗಳೆಯದೆ ಮಾಡಬೇಕಾದ ಕೆಲಸ ಇದು. ಅದೇ ದಶಕದಲ್ಲಿ ಶುರುವಾದ ಪಾದುವಾ ವಿಶ್ವವಿದ್ಯಾಲಯದ ಕೆಲಸದಲ್ಲಿ ಪೊಂತಿ ತಾವೇ ಮೆಟ್ಟಿಲಸಾಲಿನ ಗೋಡೆಗಳಿಗೆ ಭಿತ್ತಿಚಿತ್ರ ರೂಪಿಸಿದರು, ಕುಲಪತಿಗಳ ಕೋಣೆಗಳಿಗೆ ಮೇಜು ಕುರ್ಚಿ ಮಾಡಿಸಿದರು. ಹಿಂದೊಮ್ಮೆ ಗೆಲಿಲಿಯೊ ಪಾಠ ಹೇಳಿದ ವಿದ್ಯಾಸಂಸ್ಥೆ ಅದು. ಆ ಪೀಠೋಪಕರಣಗಳಲ್ಲಿ ಹಲವು ಇಂದಿಗೂ ಅಲ್ಲೇ ಬಳಕೆಯಲ್ಲಿವೆ.

ಕೊನೆಯ ವಿಷಯ: ದೂರದವು.

1950ರ ದಶಕದಲ್ಲಿ ವೆನೆಜುವೆಲಾದ ರಾಜಧಾನಿ ಕರಾಕಸ್‌ನಲ್ಲಿ ಪೊಂತಿ ಎರಡು ಪ್ರಸಿದ್ಧ ಮನೆ ಕಟ್ಟಿದರು. ಒಂದು ಗುಡ್ಡದ ಮೇಲಿನ ವಿಲ್ಲಾ ಪ್ಲಾಂಚಾರ್ಟ್. ಅನಾಲಾ ಮತ್ತು ಅರ್ಮಾಂಡೊ ಪ್ಲಾಂಚಾರ್ಟ್ ದಂಪತಿ ದೋಮುಸ್ ಓದಿ ಮಿಲಾನಿಗೆ ಹೋಗಿ ಕೇಳಿಕೊಂಡ ಮನೆ ಅದು. ಗೋಡೆಗಳು ನೆಲಕ್ಕೂ ಸೂರಿಗೂ ತಾಗದೆ ಹಾಳೆಗಳಂತೆ ನಿಂತಿವೆ, ರಾತ್ರಿ ಅವುಗಳ ಸಂದಿನಿಂದ ಬೆಳಕು ಹೊಮ್ಮುತ್ತದೆ. ಮನೆಯವರಿಗೆ ಆರ್ಕಿಡ್ ಹೂಗಳ ಮೇಲೆ ಪ್ರೀತಿ, ಅವಕ್ಕೆ ಜಾಗವಾಯಿತು. ಯಜಮಾನರಿಗೆ ಬೇಟೆಯ ಹುಚ್ಚು. ಪ್ರಾಣಿಗಳ ತಲೆಗಳು ಗೋಡೆ ತುಂಬುವುದು ಪೊಂತಿಗೆ ಸರಿಬರಲಿಲ್ಲ. ಹಾಗಾಗಿ ಅವನ್ನು ತಿರುಗುವ ಫಲಕಗಳಿಗೆ ಕೂರಿಸಿದರು. ಬೇಕಾದಾಗ ಮುಂದೆ, ಬೇಡವಾದಾಗ ಹಿಂದೆ. ದಂಪತಿಯ ಹೆಸರಿನ ಪ್ರತಿಷ್ಠಾನ ಆ ಮನೆಯನ್ನು ಪೀಠೋಪಕರಣ, ಪಾತ್ರೆ ಪಡಗಗಳ ಸಮೇತ ಇದ್ದಂತೆಯೇ ಕಾಯ್ದುಕೊಂಡು ಬಂದಿದೆ. ದೇಶ ಎಂಥೆಂಥ ಬಿರುಗಾಳಿಗೆ ಸಿಕ್ಕಿದರೂ ಮನೆ ಉಳಿದಿದೆ.

ಅದೇ ಊರಿನ ಇನ್ನೊಂದು ಮನೆ, ನೀಲಿ ಬಿಳಿ ವಜ್ರಾಕಾರಗಳ ವಿಲ್ಲಾ ಅರ್ರೆಯಾಜಾ, ಈಗಿಲ್ಲ. ಕೆಡವಿಬಿಟ್ಟರು. ಅದರ ಸಾಮಾನುಗಳು ಹರಾಜಿನ ಪಟ್ಟಿಗಳಲ್ಲಿ ಕಾಣಿಸಿಕೊಂಡವು. ಒಂದೇ ಊರು, ಒಂದೇ ಕೈ, ಒಂದೇ ಕಾಲ. ಒಂದಕ್ಕೆ ಕಾಯುವವರು ಇದ್ದರು, ಇನ್ನೊಂದಕ್ಕೆ ಇರಲಿಲ್ಲ.

ಏಷ್ಯಾದ ಕಡೆ ತಿರುಗಿದರೆ ಚಿತ್ರ ಇನ್ನಷ್ಟು ಚೆದುರಿದೆ. ಬಾಗ್ದಾದಿನಲ್ಲಿ 1958ರಲ್ಲಿ ಮುಗಿದ ಅವರ ಸರ್ಕಾರಿ ಕಟ್ಟಡ 2003ರ ಯುದ್ಧದಲ್ಲಿ ಹಾನಿಗೊಳಗಾಯಿತು. ಟೆಹರಾನಿನ ವಿಲ್ಲಾ ನಮಾಜಿಯ ಜಾಗದಲ್ಲಿ ಹೋಟೆಲು ಕಟ್ಟುವ ಮಾತು ಬಂದಾಗ ಇರಾನಿನ ವಾಸ್ತುಶಿಲ್ಪಿಗಳು ದನಿಯೆತ್ತಬೇಕಾಯಿತು. ನೆರೆಯ ಪಾಕಿಸ್ತಾನ ಇಸ್ಲಾಮಾಬಾದನ್ನು ಹೊಸ ರಾಜಧಾನಿಯಾಗಿ ಕಟ್ಟುವಾಗ ಅಲ್ಲಿಯ ಸಚಿವಾಲಯದ ಕಟ್ಟಡಗಳಿಗೆ ಪೊಂತಿ ಮತ್ತು ಅವರ ಜತೆಗಾರರು ರೂಪ ಕೊಟ್ಟರು. ಅಲ್ಲಿ ದಿನಾ ಕಚೇರಿಗೆ ಹೋಗಿ ಬರುವವರಲ್ಲಿ ಎಷ್ಟು ಜನಕ್ಕೆ ಆ ಹೆಸರು ಗೊತ್ತಿದ್ದೀತು?

ಮುಗಿಸುವ ಮುನ್ನ ಮತ್ತೆ ಮಿಲಾನಿಗೆ, ದೆಜ್ಜಾ ಬೀದಿಯ ಒಂದು ವಸತಿ ಕಟ್ಟಡಕ್ಕೆ ಹೋಗಬೇಕು. 1957ರಲ್ಲಿ ಮುಗಿದ ಆ ಕಟ್ಟಡದಲ್ಲಿಯೇ ಪೊಂತಿ ಕುಟುಂಬದೊಡನೆ ಇದ್ದರು. ಸರಿಸುವ ಅಡ್ಡಗೋಡೆಗಳನ್ನೆಲ್ಲ ತೆರೆದರೆ ಮನೆಯ ಈ ತುದಿಯಿಂದ ಆ ತುದಿವರೆಗೆ ಕಣ್ಣು ಓಡುತ್ತಿತ್ತು. ಕಿಟಕಿಗೆ ಕಪಾಟು, ಪುಸ್ತಕ, ಚಿತ್ರಗಳನ್ನು ಜೋಡಿಸಿ ಅದನ್ನೇ ನಾಲ್ಕನೆಯ ಗೋಡೆ ಮಾಡಿದ್ದರು. ಹೊರಗಿನ ಬಣ್ಣದ ವಿಷಯದಲ್ಲಿ ಮಾತ್ರ ಅವರು ತಮ್ಮ ಮಾತು ನಡೆಸಲಿಲ್ಲ: ತಮ್ಮ ತಮ್ಮ ಮಹಡಿಯ ಪಾಲಿನ ಬಣ್ಣವನ್ನು ಅಲ್ಲಿ ವಾಸಿಸುವವರೇ ಆರಿಸಿಕೊಳ್ಳಲಿ ಎಂದು ಬಿಟ್ಟುಕೊಟ್ಟರು. ಹರಳಿನಂತೆ ಮುಗಿದ ಆಕಾರ ಬೇಕೆಂದವರು, ತಮ್ಮ ಸ್ವಂತ ಮನೆಯ ಮುಖವನ್ನು ನೆರೆಹೊರೆಯವರ ಕೈಗೆ ಕೊಟ್ಟರು. ಮುಂದೊಮ್ಮೆ ಆ ಗೋಡೆಗಳ ಸಂರಕ್ಷಣೆಗೆ ಹೋಗುವವರು 1957ರ ಬಣ್ಣದ ಪದರವನ್ನು ಕೆರೆದು ಹುಡುಕಬೇಕೇ, ಅಥವಾ ಮೆಟ್ಟಿಲು ಹತ್ತಿ, ಬಾಗಿಲು ತಟ್ಟಿ, ಈಗ ಅಲ್ಲಿರುವವರಿಗೆ ಯಾವ ಬಣ್ಣ ಬೇಕೆಂದು ಕೇಳಬೇಕೇ? ಸಂರಕ್ಷಣೆಯ ನಿಯಮಗಳು ಮೊದಲನೆಯದನ್ನು ಹೇಳುತ್ತವೆ. ಪೊಂತಿ ಬಿಟ್ಟು ಹೋದ ಮಾತು ಎರಡನೆಯದನ್ನು ಹೇಳುತ್ತದೆ.